ವಿದ್ಯಾರ್ಥಿ ಕಿರುಚಿತ್ರದ ಎಡಿಟಿಂಗ್: ಮೊದಲು ಕಟ್, ಆಮೇಲೆ ಎಫೆಕ್ಟ್, ನಂತರ ಸಂಗೀತ

ಕಟ್, ಅಂದರೆ ಶಾಟ್‌ಗಳ ಜೋಡಣೆ, ಇನ್ನೂ ಅಲ್ಲಾಡುತ್ತಿರುವಾಗಲೇ ಒಬ್ಬರು ಬೆಂಕಿಯ ಎಫೆಕ್ಟ್ ಹಾಕಲು ಕೂತು, ಇನ್ನೊಬ್ಬರು ಹಿನ್ನೆಲೆ ಸಂಗೀತ ಜೋಡಿಸಲು ಶುರು ಮಾಡಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮರುದಿನ ಆ ಶಾಟ್ ಅರ್ಧ ಸೆಕೆಂಡ್ ಚಿಕ್ಕದಾದರೂ ಎರಡನ್ನೂ ಮತ್ತೆ ಮಾಡಬೇಕು. ಅದಕ್ಕೇ ಸರದಿ ಮುಖ್ಯ.

ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿರುವುದನ್ನು ಎರಡು ಬೇರೆ ಡಿಸ್ಕ್‌ಗಳಿಗೆ ಕಾಪಿ ಮಾಡಿ. ಎರಡರಲ್ಲೂ ಫೈಲ್ ತೆರೆದು ನೋಡುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಈ ಕೆಲಸಕ್ಕೆ ಧಾರಾಳ ಸಾಕು. ಆದರೆ ಕ್ಲಿಪ್‌ಗಳನ್ನು ಒಳಗೆ ತರುವ ಮುನ್ನವೇ ಪ್ರಾಜೆಕ್ಟಿನ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ) ಹೊಂದಿಸಿ, ಆಮೇಲೆ ಅದನ್ನು ಬದಲಿಸಲು ಬಿಡುವುದಿಲ್ಲ. ಫೋನಿನಲ್ಲಿ ತೆಗೆದ ವಿಡಿಯೊ ಇದ್ದರೆ ಇನ್ನೊಂದು ತೊಡಕು: ಫೋನುಗಳು ಫ್ರೇಮ್ ರೇಟನ್ನು ಕ್ಷಣಕ್ಷಣಕ್ಕೂ ಏರಿಳಿಸುತ್ತವೆ. ಮೊದಲ ಮಾತಿನಲ್ಲಿ ತುಟಿಗೂ ದನಿಗೂ ಹೊಂದಿರುತ್ತದೆ, ಐದು ನಿಮಿಷ ಕಳೆಯುವಷ್ಟರಲ್ಲಿ ತಪ್ಪಿರುತ್ತದೆ. ಅಂಥ ಫೈಲುಗಳನ್ನು ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್ ಹ್ಯಾಂಡ್‌ಬ್ರೇಕ್‌ನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್ ರೇಟ್’ ಆರಿಸಿ ಪರಿವರ್ತಿಸಿಕೊಂಡೇ ಎಡಿಟಿಗೆ ತನ್ನಿ. ಲ್ಯಾಪ್‌ಟಾಪ್ ತಡವರಿಸಿದರೆ ಪ್ರಾಕ್ಸಿ, ಅಂದರೆ ಎಡಿಟಿಗಷ್ಟೇ ಬಳಸುವ ಹಗುರ ಪ್ರತಿ, ಮಾಡಿಕೊಳ್ಳಿ.

ರಫ್ ಕಟ್‌ಗೆ, ಅಂದರೆ ಮೊದಲ ಒರಟು ಜೋಡಣೆಗೆ, ಸಂಗೀತ ಬೇಡವೇ ಬೇಡ. ಹಾಡೊಂದು ಓಡುತ್ತಿದ್ದರೆ ಎಂಥ ಜಡ ಕಟ್ಟೂ ಚೆನ್ನಾಗಿಯೇ ಕಾಣುತ್ತದೆ, ಹಾಡು ತೆಗೆದ ದಿನ ಬಣ್ಣ ಬಯಲಾಗುತ್ತದೆ. ಒಮ್ಮೆ ದನಿ ಮುಚ್ಚಿ ನೋಡಿ, ಕಥೆ ಅರ್ಥವಾಗಬೇಕು. ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಿ, ಮಾತಿನ ನಡುವಿನ ಅನಗತ್ಯ ಮೌನಗಳು ಸಿಕ್ಕಿಬೀಳುತ್ತವೆ. ಸಂಭಾಷಣೆಯಲ್ಲಿ ಚಿತ್ರ ಮತ್ತು ದನಿ ಒಂದೇ ಫ್ರೇಮಿನಲ್ಲಿ ಕಟ್ ಆದರೆ ಟೆನಿಸ್ ನೋಡಿದಂತಾಗುತ್ತದೆ. ಮುಂದಿನವರ ಮಾತನ್ನು 8–12 ಫ್ರೇಮ್ ಮೊದಲೇ ಕೇಳಿಸಿ, ಆಮೇಲೆ ಮುಖ ತೋರಿಸಿ.

ಇಡೀ ತಂಡ ಒಪ್ಪಿದ ಮೇಲೆ ಪಿಕ್ಚರ್ ಲಾಕ್. ಇನ್ನು ಒಂದು ಫ್ರೇಮೂ ಕದಲಬಾರದು. ಎಫೆಕ್ಟ್ ಬೇಕಾದ ಶಾಟ್‌ಗಳಿಗೆ ನಂಬರ್ ಕೊಟ್ಟು, ಎರಡೂ ತುದಿಗೆ 12 ಫ್ರೇಮ್ ಹೆಚ್ಚುವರಿ ಬಿಟ್ಟು, ಗುಣಮಟ್ಟ ಉಳಿಸುವ ಫಾರ್ಮ್ಯಾಟ್‌ಗಳಾದ ಪ್ರೊರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್‌ನಲ್ಲಿ ಹೊರತೆಗೆಯಿರಿ. ಫೈಲನ್ನು ಬಹಳ ಕುಗ್ಗಿಸುವ ಎಚ್.264ನಲ್ಲಿ ತೆಗೆದರೆ ಪ್ರತಿ ಸುತ್ತಿಗೂ ಚಿತ್ರ ಸವೆಯುತ್ತದೆ.

ಕಡಿಮೆ ಸಲಕರಣೆಯಲ್ಲಿ ಹೆಚ್ಚು ಬೆರಗು ಹುಟ್ಟಿಸುವುದು ಡಬಲ್ ಆಕ್ಟಿಂಗ್: ಒಬ್ಬನೇ ನಟ ಒಂದೇ ಶಾಟ್‌ನಲ್ಲಿ ಇಬ್ಬರಾಗಿ ಕಾಣುವುದು. ಕ್ಯಾಮೆರಾ ಟ್ರೈಪಾಡ್ ಮೇಲೆ ಅಲುಗಬಾರದು. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರೂ ಮ್ಯಾನ್ಯುಯಲ್‌ನಲ್ಲೇ ಇರಬೇಕು. ನಟ ಎಡಕ್ಕೆ ಕೂತ ಟೇಕ್ ಕೆಳಗಿನ ಟ್ರ್ಯಾಕಿಗೆ, ಬಲಕ್ಕೆ ಕೂತದ್ದು ಮೇಲಿನದಕ್ಕೆ. ಮೇಲಿನ ಟೇಕ್‌ನ ಎಡಭಾಗವನ್ನು ಮಾಸ್ಕ್ ಹಾಕಿ ಅಳಿಸಿ. ಮಾಸ್ಕಿನ ಗೆರೆ ಖಾಲಿ ಗೋಡೆಯ ನಡುವೆ ಹಾಯದೆ ಬಾಗಿಲ ಚೌಕಟ್ಟು, ಕಪಾಟಿನ ಅಂಚಿನಂಥ ಜಾಗದಲ್ಲಿ ಹಾಯಲಿ, ಫೆದರ್ (ಅಂಚಿನ ಮಸುಕು) 20–40 ಪಿಕ್ಸೆಲ್ ಇರಲಿ. ಇಷ್ಟಾದರೂ ಗೆರೆ ಕಂಡರೆ ಎರಡು ಟೇಕ್ ನಡುವೆ ಕಿಟಕಿಯ ಬಿಸಿಲು ಬದಲಾಗಿದೆ ಎಂದರ್ಥ. ಒಂದು ಟೇಕ್‌ನ ಬೆಳಕನ್ನು ಇನ್ನೊಂದಕ್ಕೆ ಹೊಂದಿಸಿ. ನಟನ ನೆರಳು ಗೆರೆ ದಾಟಿ ತುಂಡಾಗಿದ್ದರೆ ಮಾಸ್ಕನ್ನೇ ಆ ನೆರಳಿನ ಸುತ್ತ ಬಾಗಿಸಬೇಕು. ಕೊನೆಗೆ ಎರಡನ್ನೂ ಸೇರಿಸಿ ಒಂದೇ ಕಾಂಪೌಂಡ್ ಕ್ಲಿಪ್ ಮಾಡಿ 100ರಿಂದ 103 ಶೇಕಡಾಕ್ಕೆ ನಿಧಾನ ಜೂಮ್ ಕೊಡಿ. ಕ್ಯಾಮೆರಾ ಚಲಿಸಿದಂತೆ ಕಾಣುವುದರಿಂದ ನೋಡುವವರಿಗೆ ಅನುಮಾನ ಬರುವುದು ಕಡಿಮೆ.

ಹಿನ್ನೆಲೆ ಬದಲಿಸಲೆಂದು ಹಸಿರು ಪರದೆಯ ಮುಂದೆ ತೆಗೆದ ಶಾಟ್‌ನಲ್ಲಿ ನಟನ ಅಂಚು ಮೆಟ್ಟಿಲು ಮೆಟ್ಟಿಲಾಗಿ ಬಂದರೆ ಸಾಫ್ಟ್‌ವೇರನ್ನು ಬೈಯಬೇಡಿ. 4:2:0 ಎಂಬ ವಿಧಾನದಲ್ಲಿ ಬಣ್ಣ ದಾಖಲಿಸುವ ಕ್ಯಾಮೆರಾಗಳು ಬಣ್ಣದ ವಿವರವನ್ನು ಕಾಲುಭಾಗಕ್ಕೆ ಇಳಿಸಿಯೇ ಬರೆಯುತ್ತವೆ. ಮೊದಲು ಗಾರ್ಬೇಜ್ ಮ್ಯಾಟ್ ಎಂಬ ಒರಟು ಮಾಸ್ಕಿನಿಂದ ನಟನ ಸುತ್ತಲಿನ ಬೇಡದ ಜಾಗ ಕತ್ತರಿಸಿ, ಆಮೇಲೆ ರಿಸಾಲ್ವ್‌ನೊಳಗಿನ ಎಫೆಕ್ಟ್ ವಿಭಾಗ ಫ್ಯೂಷನ್‌ನ ಡೆಲ್ಟಾ ಕೀಯರ್‌ನಿಂದ ಹಸಿರು ತೆಗೆದು, ಉಳಿಯುವ ಜಾಗ ಬಿಳಿ, ಅಳಿಯುವ ಜಾಗ ಕಪ್ಪಾಗಿ ಕಾಣುವ ಮ್ಯಾಟ್ ಅನ್ನು ಪರೀಕ್ಷಿಸಿ. ನಟನ ಮೈಯೊಳಗೆ ಬೂದು ಕಂಡರೆ ಅಲ್ಲಿ ಹಿನ್ನೆಲೆ ಸೋರುತ್ತಿದೆ. ನಟ ಹಸಿರು ಪರದೆಯಿಂದ ಎರಡು ಮೀಟರ್ ಮುಂದೆ ನಿಂತಿದ್ದರೆ ಕೂದಲಿಗೆ ಹಸಿರು ಅಂಟುವುದು ಎಷ್ಟೋ ಕಡಿಮೆ.

ಗುಂಡು ಹಾರುವ ಬೆಳಕು ಸೆಕೆಂಡಿಗೆ 24 ಫ್ರೇಮ್‌ನ ಚಿತ್ರದಲ್ಲಿ ಒಂದೇ ಫ್ರೇಮ್, ಹೆಚ್ಚೆಂದರೆ ಎರಡು. ಮೂರಾದರೆ ಪಟಾಕಿ. ಅದೇ ಫ್ರೇಮಿನಲ್ಲಿ ನಟನ ಮುಖ ಮತ್ತು ಹತ್ತಿರದ ಗೋಡೆಯನ್ನೂ ಬೆಳಗಿಸಬೇಕು, ಇಲ್ಲದಿದ್ದರೆ ಸ್ಟಿಕ್ಕರ್ ಅಂಟಿಸಿದಂತಿರುತ್ತದೆ. ಯಾವ ಎಫೆಕ್ಟೇ ಆಗಲಿ, ಅದರ ಕಪ್ಪು ಶಾಟ್‌ನ ಕಪ್ಪಿಗಿಂತ ಗಾಢವಾಗಿರಬಾರದು; ಮೇಲೆ ಶಾಟ್‌ನಷ್ಟೇ ಗ್ರೇನ್ (ಚಿತ್ರದ ಸಣ್ಣ ಚುಕ್ಕೆಗಳು) ಇರಲಿ.

ಈಗ ದನಿ. ಮೊದಲು ಸಂಭಾಷಣೆಯ ಏರು ಮಟ್ಟ −12ರಿಂದ −6 ಡಿಬಿ (ಡೆಸಿಬೆಲ್) ನಡುವೆ ನಿಲ್ಲಿಸಿ. ಪ್ರತಿ ಕಟ್‌ಗೆ ಎರಡು ಫ್ರೇಮಿನ ಕ್ರಾಸ್‌ಫೇಡ್ ಹಾಕಿ ಒಂದು ದನಿಯನ್ನು ಇನ್ನೊಂದರಲ್ಲಿ ಕರಗಿಸಿದರೆ ‘ಟಕ್’ ಸದ್ದು ಹೋಗುತ್ತದೆ. ಮಾತಿನ ನಡುವಿನ ಖಾಲಿಗೆ, ಚಿತ್ರೀಕರಣದ ಜಾಗದಲ್ಲೇ ಎಲ್ಲರೂ ಸುಮ್ಮನಿದ್ದಾಗ ಮುದ್ರಿಸಿಕೊಂಡ 30 ಸೆಕೆಂಡ್ ರೂಮ್ ಟೋನ್ ತುಂಬಿಸಿ. ಅದು ಇಲ್ಲದ ಕಡೆ ದನಿ ಪೂರ್ತಿ ಸತ್ತು ಥಿಯೇಟರಿನ ಸ್ಪೀಕರ್ ಕೆಟ್ಟಿತೇ ಎನಿಸುತ್ತದೆ.

ಸಂಗೀತ ಮಾತಿಗಿಂತ 12–15 ಡಿಬಿ ಕೆಳಗಿರಲಿ. ಆದರೂ ಮಾತು ಮುಳುಗಿದರೆ ವಾಲ್ಯೂಮ್ ಇನ್ನೂ ಇಳಿಸುವ ಬದಲು ಸಂಗೀತದ ಇಕ್ಯೂನಲ್ಲಿ (ಈಕ್ವಲೈಜರ್) 2–4 ಕಿಲೋಹರ್ಟ್ಜ್ ಸುತ್ತ 3–4 ಡಿಬಿ ತಗ್ಗಿಸಿ. ವ್ಯಂಜನಗಳ ಸ್ಪಷ್ಟತೆ ಇರುವುದು ಅಲ್ಲೇ. ಪ್ರತಿ ಕಣ್ಣೀರಿಗೂ ಪಿಟೀಲು ಬೇಕಿಲ್ಲ. ಲೈಸೆನ್ಸ್ ಓದದೆ ಹಾಡು ಇಳಿಸಿಕೊಳ್ಳಬೇಡಿ: ಉಚಿತ ಬಳಕೆಯ ಪರವಾನಗಿಗಳಾದ ಕ್ರಿಯೇಟಿವ್ ಕಾಮನ್ಸ್‌ನಲ್ಲಿ ‘ಬಿವೈ’ ಮಾತ್ರ ಇದ್ದರೆ ಹೆಸರು ಹಾಕಿ ಬಳಸಬಹುದು, ‘ಎನ್‌ಡಿ’ (ಮಾರ್ಪಾಡು ಸಲ್ಲದು) ಇದ್ದರೆ ವಿಡಿಯೊಗೆ ಜೋಡಿಸುವುದೇ ಮಾರ್ಪಾಡು ಎನಿಸಿಕೊಳ್ಳುವುದರಿಂದ ಅದನ್ನು ಬಿಟ್ಟುಬಿಡಿ.

ಯೂಟ್ಯೂಬ್‌ಗೆ 1080ಪಿ, ಎಚ್.264, 16–20 ಎಂಬಿಪಿಎಸ್, ಆಡಿಯೊ 48 ಕಿಲೋಹರ್ಟ್ಜ್. ಸುಮಾರು −14 ಲಫ್ಸ್‌ಗಿಂತ (ಒಟ್ಟಾರೆ ದನಿಯ ಜೋರಿನ ಅಳತೆ) ಜೋರಿದ್ದುದನ್ನು ಯೂಟ್ಯೂಬ್ ತಾನೇ ತಗ್ಗಿಸುತ್ತದೆ, ಹಾಗಾಗಿ ಜೋರು ಮಾಡಿ ಲಾಭವಿಲ್ಲ. ಹೊರಬಂದ ಫೈಲನ್ನು ಬೇರೆ ಯಂತ್ರದಲ್ಲಿ ಮೊದಲಿನಿಂದ ಕೊನೆಯವರೆಗೆ ನೋಡಿ. ಎರಡು ಶಾಟ್ ನಡುವೆ ಉಳಿದುಹೋದ ಒಂದೇ ಒಂದು ಕಪ್ಪು ಫ್ರೇಮ್ ಟೈಮ್‌ಲೈನ್‌ನಲ್ಲಿ ಕಣ್ಣಿಗೆ ಬೀಳುವುದಿಲ್ಲ, ದೊಡ್ಡ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ.