ಮನೆಯವರ ಶುಗರ್ ಹಾಳೆ ಬರೆಯುವುದು ಹೇಗೆ

ಶ್ರೀನಿವಾಸಪುರದ ಒಂದು ಸಣ್ಣ ಲ್ಯಾಬ್‌ನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಈಗೀಗ ಹುಡುಗರು ಮೊಬೈಲ್ ಹಿಡಿದು ಕೇಳುತ್ತಾರೆ: "ಅಕ್ಕ, ಜೀನ್ ಟೆಸ್ಟ್ ಮಾಡಿಸಿದ್ರೆ ನಂಗೂ ಶುಗರ್ ಬರುತ್ತಾ ಇಲ್ವಾ ಗೊತ್ತಾಗುತ್ತಂತೆ?" ಅಷ್ಟು ದುಡ್ಡು ಕೊಡುವ ಮುಂಚೆ ಒಂದು ಹಾಳೆ, ಒಂದು ಟೈಲರ್ ಟೇಪು ತಗೊಳ್ಳಿ ಅನ್ನುತ್ತೇನೆ.

ಹಾಳೆಯ ಕೆಳಗೆ ನಿಮ್ಮ ಹೆಸರು. ಮೇಲೆ ಅಪ್ಪ, ಅಮ್ಮ, ಅವರ ಒಡಹುಟ್ಟಿದವರು. ಅದರ ಮೇಲೆ ಎರಡೂ ಕಡೆಯ ತಾತ, ಅಜ್ಜಿ. "ಶುಗರ್ ಇದೆ" ಅಂತ ಬರೆದರೆ ಸಾಲದು. ಎಷ್ಟನೇ ವಯಸ್ಸಿಗೆ ಗೊತ್ತಾಯಿತು, ಆಗ ದಪ್ಪಗಿದ್ದರಾ ಸಣ್ಣಗಿದ್ದರಾ, ಮಾತ್ರೆಯಲ್ಲೇ ನಡೆಯಿತಾ, ಇನ್ಸುಲಿನ್ ಬೇಕಾಯಿತಾ, ಎಲ್ಲ ಬರೆಯಿರಿ. ಹೆಂಗಸರಾದರೆ ಬಸುರಿಯಲ್ಲಿ ಶುಗರ್ ಬಂದಿತ್ತಾ ಅಂತ ಕೇಳಿ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. "ಹೆರಿಗೆ ಆದ್ಮೇಲೆ ಹೋಯ್ತಲ್ಲಮ್ಮ" ಅಂತಾರೆ. ಹೋಗುತ್ತೆ, ಆದರೆ ಅಂಥವರಿಗೆ ಮುಂದೆ ಶುಗರ್ ಬರುವುದು ಜಾಸ್ತಿ.

ತಾತನಿಗೆ "ಇರಲಿಲ್ಲ" ಅಂದರೆ ಸುಮ್ನೆ ನಂಬಬೇಡಿ. ಟೆಸ್ಟೇ ಮಾಡಿಸದವರಿಗೆ ಶುಗರ್ ಇರುವುದಿಲ್ಲ, ಅಲ್ವಾ? ಕಾಲಿನ ಗಾಯ ಮಾಯದೆ ಬೆರಳು ತೆಗೆದಿದ್ದರಾ, ರಾತ್ರಿ ನಾಲ್ಕಾರು ಸಲ ಉಚ್ಚೆಗೆ ಏಳುತ್ತಿದ್ದರಾ ಅಂತ ವಿಚಾರಿಸಿ. ಹೌದು ಅಂದರೆ ಅವರ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಹಾಕಿ.

ನಮ್ಮ ಕೋಲಾರದ ಕಡೆ ಇನ್ನೊಂದು ತೊಡಕಿದೆ. ಅಮ್ಮ ಸೋದರಮಾವನನ್ನೇ ಮದುವೆ ಆಗಿದ್ದರೆ, ಅಮ್ಮನ ಅಮ್ಮ ಅಂದರೆ ಅಪ್ಪನ ಅಕ್ಕನೇ. ಒಬ್ಬರನ್ನೇ ಎರಡು ಕಡೆ ಬರೆದು "ಎರಡೂ ಮನೆಯಲ್ಲಿ ಶುಗರ್" ಅಂತ ಹೆದರುವವರನ್ನು ನೋಡಿದ್ದೇನೆ. ಒಂದೇ ಸಲ ಬರೆದು ಎರಡು ಗೆರೆ ಎಳೆಯಿರಿ. ಆ ಎರಡು ಗೆರೆ ಸುಳ್ಳಲ್ಲ. ಅದೇ ಜೀನ್ ಎರಡೂ ದಾರಿಯಿಂದ ನಿಮಗೆ ಬಂದಿರಬಹುದು.

ಈಗ ಹಾಳೆ ನೋಡಿ. ಮೂರು ತಲೆಮಾರಿನಲ್ಲೂ, ಅದೂ 25 ವರ್ಷದ ಒಳಗೇ, ಸಣ್ಣ ಮೈಯವರಿಗೇ ಶುಗರ್ ಬಂದಿದ್ದರೆ ಡಾಕ್ಟರಿಗೆ ಅದನ್ನೇ ಎತ್ತಿ ಹೇಳಿ. ಒಂದೇ ಜೀನ್ ಕೆಟ್ಟು ಬರುವ ಮೋಡಿ (MODY) ಅನ್ನುವ ಶುಗರ್ ಬಗೆ ಇದೆ. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ ಆ ಜೀನ್ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇಲ್ಲಿ ಜೀನ್ ಟೆಸ್ಟಿಗೆ ಕೊಟ್ಟ ದುಡ್ಡು ದಂಡವಲ್ಲ. ಇದರಲ್ಲೇ ಕೆಲವು ಬಗೆಗೆ ಇನ್ಸುಲಿನ್ ಬದಲು ಮಾಮೂಲಿ ಮಾತ್ರೆಯೇ ಸಾಕಾಗುತ್ತೆ.

ಹೆಚ್ಚಿನವರದು ಟೈಪ್ 2. ಅದರಲ್ಲಿ ನೂರಾರು ಜೀನ್‌ಗಳು ಒಂದೊಂದೂ ಚೂರು ಚೂರು ಕೈ ಹಾಕುತ್ತವೆ. ಸಾಮಾನ್ಯವಾಗಿ ಕಾಣುವ ಜೀನ್‌ಗಳಲ್ಲಿ ಜೋರಿನದು ಟಿಸಿಎಫ್7ಎಲ್2. 2006ರಲ್ಲಿ ಐಸ್‌ಲ್ಯಾಂಡಿನವರು ಪತ್ತೆ ಮಾಡಿದ್ದು. ಅಪ್ಪನಿಂದಲೋ ಅಮ್ಮನಿಂದಲೋ ಅದರ ಕೆಟ್ಟ ಪ್ರತಿ ಒಂದು ಬಂದಿದ್ದರೆ ಅಪಾಯ ಸುಮಾರು ಶೇಕಡಾ 40 ಏರುತ್ತೆ, ಅಷ್ಟೇ. ಎರಡು ಪ್ರತಿ ಇದ್ದವರೂ ನಡೆದು, ತೂಕ ಇಳಿಸಿದರೆ ಲಾಭ ಇದೆ ಅಂತ ಅಮೆರಿಕದ ಅಧ್ಯಯನದಲ್ಲಿ ಕಂಡಿದೆ.

ಇನ್ನು ಟೇಪು. ಚೆನ್ನೈನ ಮಧುಮೇಹ ಸಂಶೋಧಕರು 2005ರಲ್ಲಿ ಮಾಡಿದ ಲೆಕ್ಕ ಇದೆ, ನನಗೆ ಅದರ ಮೇಲೇ ಜಾಸ್ತಿ ನಂಬಿಕೆ. ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ 38ರ ಒಬ್ಬರು ಅಂದುಕೊಳ್ಳಿ. ವಯಸ್ಸು 35ರಿಂದ 49ರ ಒಳಗೆ, ಅದಕ್ಕೆ 20 ಅಂಕ. ಸೊಂಟ 94 ಸೆಂಟಿಮೀಟರ್, ಅದಕ್ಕೆ 10. ದಿನವೆಲ್ಲ ಕೂತ ಕೆಲಸ, ವ್ಯಾಯಾಮ ಇಲ್ಲ, 30. ಅಮ್ಮನಿಗೆ ಶುಗರ್, 10. ಒಟ್ಟು 70. 60 ಅಥವಾ ಮೇಲೆ ಬಂದರೆ ಅಪಾಯ ಜಾಸ್ತಿ ಅಂತ. ಅಪ್ಪ ಅಮ್ಮ ಇಬ್ಬರಿಗೂ ಇದ್ದರೆ 20. ವಯಸ್ಸು 50 ಅಥವಾ ಮೇಲಿದ್ದರೆ 30. ಹೆಂಗಸರ ಸೊಂಟಕ್ಕೆ 80ರಿಂದಲೇ 10, 90ರಿಂದ 20. ಗಂಡಸರಿಗೆ 90ರಿಂದ 10, 100ರಿಂದ 20. ಅಮ್ಮ ಅಪ್ಪನಿಂದ ಬಂದ ಅಂಕ ಅಲ್ಲಾಡುವುದಿಲ್ಲ. ಸೊಂಟದ್ದು, ಕೂತ ಕೆಲಸದ್ದು ಕಡಿಮೆ ಮಾಡಬಹುದು.

ಅಂಕ ಜಾಸ್ತಿ ಬಂದವರು ರಕ್ತ ಕೊಡಲು ಬನ್ನಿ. ಖಾಲಿ ಹೊಟ್ಟೆ ಅಂದರೆ 8 ಗಂಟೆ ನೀರು ಬಿಟ್ಟು ಏನೂ ಇಲ್ಲ. ಡೈರಿಗೆ ಹಾಲು ಹಾಕಿ, ಅಲ್ಲೇ ಕಾಫಿ ಕುಡಿದು "ತಿಂಡಿ ತಿಂದಿಲ್ಲಮ್ಮ" ಅಂತ ಬರುವವರು ದಿನಾ ಇರುತ್ತಾರೆ. ಕಾಫಿಯೂ ಲೆಕ್ಕಕ್ಕೆ ಬರುತ್ತೆ! ಖಾಲಿ ಹೊಟ್ಟೆಯಲ್ಲಿ 100ರಿಂದ 125 ಇದ್ದರೆ ಎಚ್ಚರ, 126ರಿಂದ ಶುಗರ್.

ನಾವು ಮೂರು ತಿಂಗಳ ಟೆಸ್ಟ್ ಅನ್ನುವುದು ಎಚ್‌ಬಿಎ1ಸಿ. ರಕ್ತದ ಹಿಮೋಗ್ಲೋಬಿನ್ ಅನ್ನುವ ಪ್ರೋಟೀನಿಗೆ ಎಷ್ಟು ಸಕ್ಕರೆ ಅಂಟಿದೆ ಅಂತ ನೋಡುವುದು. 5.7ರಿಂದ 6.4 ಗಡಿ, 6.5ರಿಂದ ಶುಗರ್. ಜೊತೆಗೆ ಹಿಮೋಗ್ಲೋಬಿನ್ ಎಷ್ಟಿದೆ ಅಂತಲೂ ಬರೆಸಿಕೊಳ್ಳಿ. ಕಬ್ಬಿಣದ ಅಂಶ ಕಡಿಮೆ ಇರುವ ಹೆಂಗಸರಲ್ಲಿ ಈ ಮೂರು ತಿಂಗಳ ಟೆಸ್ಟ್ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ರಕ್ತ ಹೆಚ್ಚು ಹೋಗಿದ್ದರೆ ಕಡಿಮೆ ತೋರಿಸುತ್ತೆ.

ಅಡಿಪೊನೆಕ್ಟಿನ್ ಅನ್ನುವ ಪ್ರೋಟೀನ್ ಕಡಿಮೆ ಇದ್ದವರಿಗೆ ಮುಂದೆ ಶುಗರ್ ಬರುವುದು ಹೆಚ್ಚು. ಬ್ರಿಟನ್ನಿನಲ್ಲಿ ಒಬ್ಬೊಬ್ಬರ ರಕ್ತದಲ್ಲೂ ಸಾವಿರಾರು ಪ್ರೋಟೀನ್ ಅಳೆಯುತ್ತಿದ್ದಾರೆ. ಸಂಶೋಧನೆಗೆ ಅದು ದೊಡ್ಡ ಕೆಲಸ. ನಿಮ್ಮ ಮಾತ್ರೆ ಚೀಟಿ ಅದರಿಂದ ಇವತ್ತು ಬದಲಾಗುವುದಿಲ್ಲ, ಅಂಥ ಪ್ರೋಟೀನ್ ಟೆಸ್ಟಿನ ಪ್ಯಾಕೇಜ್ ಬಿಡಿ.

ಮಾವಿನ ಹಣ್ಣಿನ ಕಾಲ ಮುಗಿಯಲಿ ಅಂತ ಟೆಸ್ಟ್ ಮುಂದಕ್ಕೆ ಹಾಕಬೇಡಿ. ಗಡಿಯಲ್ಲಿ ಇದ್ದವರು ವರ್ಷಕ್ಕೊಂದು ಸಲ ಬನ್ನಿ. ಹಾಳೆಯ ಫೋಟೊ ತೆಗೆದು ಅಣ್ಣ ತಮ್ಮ, ಅಕ್ಕ ತಂಗಿಯರಿಗೂ ವಾಟ್ಸಾಪ್ ಮಾಡಿ. ಅವರದೂ ಅದೇ ಹಾಳೆ, ಸೊಂಟ ಮಾತ್ರ ಅವರವರದು.