ರಾಮನ್ ಸಂಕೇತ ಹಿಗ್ಗಿಸುವ ಬೆಳ್ಳಿ ಲೇಪಿತ ಗಾಜು: ತಯಾರಿಸುವ ವಿಧಾನ

ವಸ್ತುವಿನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಫೋಟಾನ್ (ಬೆಳಕಿನ ಕಣ) ಮಾತ್ರ ತರಂಗಾಂತರ ಬದಲಿಸಿಕೊಂಡು ಚದುರುತ್ತದೆ. 1928ರಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಕಂಡುಕೊಂಡ ಈ ಚದುರಿಕೆಯ ಸಂಕೇತ ಅಣು ಯಾವುದೆಂದು ತಿಳಿಸುತ್ತದಾದರೂ, ದ್ರಾಕ್ಷಿ ಸಿಪ್ಪೆಯ ಮೇಲೆ ಉಳಿದಿರಬಹುದಾದ ಥೈರಮ್‌ನಂಥ ಶಿಲೀಂಧ್ರನಾಶಕದ ಲೇಶವನ್ನು ಹಿಡಿಯುವಷ್ಟು ಪ್ರಬಲವಲ್ಲ. ಬೆಳ್ಳಿಯ ನ್ಯಾನೊಕಣಗಳು ಒಂದಕ್ಕೊಂದು ಬಹುತೇಕ ತಾಗುವಂತೆ ಕೂತ ಎಡೆಗಳಲ್ಲಿ ಇದೇ ಸಂಕೇತ ಲಕ್ಷಾಂತರ ಪಟ್ಟು ಹೆಚ್ಚುತ್ತದೆ. ಅಂಥ ಕಣಗಳನ್ನು ತಯಾರಿಸಿ ಗಾಜಿನ ಸ್ಲೈಡಿನ ಮೇಲೆ ಕೂರಿಸುವ ಬಗೆ ಇಲ್ಲಿದೆ.

ಮೊದಲು ನೀರನ್ನು ಪರೀಕ್ಷಿಸಬೇಕು. ವಿಜಯಪುರ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಕೊಳವೆಬಾವಿಯ ನೀರು ಸವಳಾಗಿರುವುದರಿಂದ, ಅದರಲ್ಲಿ ತೊಳೆದ ಬೀಕರಿನ ಗೋಡೆಗೆ ಅಂಟಿದ, ಉಪ್ಪಿನಲ್ಲಿರುವ ಕ್ಲೋರೈಡ್ ಕೂಡ ಬೆಳ್ಳಿಯೊಂದಿಗೆ ಸೇರಿ ಕೆಲಸ ಕೆಡಿಸಬಲ್ಲದು. ಕೊನೆಯ ಬಾರಿ ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ದ್ರಾವಣದ ಒಂದು ಹನಿ ಬಿಟ್ಟಾಗ ಹಾಲಿನಂಥ ಬಿಳುಪು ಕಂಡರೆ, ಬಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ತೊಳೆಯಬೇಕು. ಅಂಗಡಿಯ ಬ್ಯಾಟರಿ ನೀರನ್ನೂ ಹೀಗೆ ಪರೀಕ್ಷಿಸದೆ ನಂಬುವುದು ಸರಿಯಲ್ಲ.

ಬೆಳ್ಳಿಯ ಕಣಗಳ ತಯಾರಿಕೆಗೆ 1982ರಲ್ಲಿ ವಿಜ್ಞಾನಿಗಳಾದ ಲೀ ಮತ್ತು ಮೈಸೆಲ್ ಪ್ರಕಟಿಸಿದ ವಿಧಾನವೇ ಕಾಲೇಜು ಪ್ರಯೋಗಾಲಯಕ್ಕೆ ಸಾಕು. 100 ಮಿಲಿಲೀಟರ್ ಶುದ್ಧ ನೀರಿನಲ್ಲಿ 18 ಮಿಲಿಗ್ರಾಂ ಸಿಲ್ವರ್ ನೈಟ್ರೇಟ್ ಕರಗಿಸಿ, ಕಲಕುತ್ತ ಕುದಿಸಿ, ಶೇಕಡಾ 1ರ ಟ್ರೈಸೋಡಿಯಂ ಸಿಟ್ರೇಟ್ ದ್ರಾವಣವನ್ನು 2 ಮಿಲಿಲೀಟರ್‌ನಷ್ಟು ಸೇರಿಸಿ, ಸುಮಾರು ಒಂದು ಗಂಟೆ ಕುದಿಯಲು ಬಿಡಬೇಕು. ದ್ರಾವಣ ಮೊದಲು ತಿಳಿಹಳದಿಯಾಗಿ, ಬಳಿಕ ಹಸಿರು ಛಾಯೆಯ ಮಬ್ಬು ಹಳದಿಗೆ ತಿರುಗುತ್ತದೆ. ಸಿಲ್ವರ್ ನೈಟ್ರೇಟ್ ತಾಗಿದ ಚರ್ಮ ಕಪ್ಪಾಗುವುದರಿಂದ ಕೈಗವಸು ಬೇಕು. ಉಳಿದ ದ್ರಾವಣವನ್ನು ಬಚ್ಚಲಿಗೆ ಚೆಲ್ಲದೆ ಬೇರೆ ಬಾಟಲಿಯಲ್ಲಿ ಸಂಗ್ರಹಿಸಬೇಕು.

ಬರಿಯ ಗಾಜಿಗೆ ಈ ಕಣಗಳು ಸರಿಯಾಗಿ ಅಂಟುವುದಿಲ್ಲ. ಆದ್ದರಿಂದ ಸ್ವಚ್ಛಗೊಳಿಸಿದ ಸ್ಲೈಡನ್ನು ಎಥನಾಲ್‌ನಲ್ಲಿ ಬೆರೆಸಿದ ಶೇಕಡಾ 1ರ ಅಮಿನೊಸಿಲೇನ್‌ನಲ್ಲಿ (ಗಾಜಿಗೂ ಬೆಳ್ಳಿಗೂ ಅಂಟುವ ರಾಸಾಯನಿಕ) ಅರ್ಧ ಗಂಟೆ ಅದ್ದಿ, ಎಥನಾಲ್‌ನಲ್ಲಿ ತೊಳೆದು, 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ, ತಣಿದ ಮೇಲೆ ಬೆಳ್ಳಿಯ ದ್ರಾವಣದಲ್ಲಿ ಒಂದು ರಾತ್ರಿ ಮುಳುಗಿಸಿಡಬೇಕು. ಹೊರತೆಗೆದು ಮೆಲ್ಲಗೆ ತೊಳೆದಾಗ ಗಾಜಿನ ಮೇಲೆ ಹಳದಿ ಛಾಯೆ ಉಳಿದರೆ ಕಣಗಳು ಕೂತಿವೆ ಎಂದರ್ಥ.

ಪರೀಕ್ಷೆಗೆ ಅತಿ ತೆಳುವಾದ ರೋಡಮಿನ್ 6ಜಿ ಎಂಬ ಬಣ್ಣದ ದ್ರಾವಣದ ಹನಿಯನ್ನು ಹಾಕಿ ಒಣಗಿಸಿ, ಹಲವು ಬಿಂದುಗಳಲ್ಲಿ ರಾಮನ್ ರೋಹಿತ (ಚದುರಿದ ಬೆಳಕಿನ ತರಂಗಾಂತರವಾರು ನಕ್ಷೆ) ದಾಖಲಿಸಬೇಕು; ಒಂದೇ ಬಿಂದುವಿನ ಎತ್ತರದ ಶಿಖರ ಕಂಡು ಹಿಗ್ಗುವುದು ಬೇಡ. ಏನೂ ಹಾಕದ ಬೆಳ್ಳಿ ಗಾಜಿನ ರೋಹಿತವನ್ನೂ ಜೊತೆಗೇ ದಾಖಲಿಸದಿದ್ದರೆ, ಕಣಗಳಿಗಂಟಿದ ಸಿಟ್ರೇಟ್‌ನ ಶಿಖರಗಳೇ ಮಾದರಿಯದೆಂಬ ಭ್ರಮೆ ಹುಟ್ಟಿಸುತ್ತವೆ. ಗಾಳಿಯಲ್ಲಿನ ಗಂಧಕದ ಅನಿಲಗಳಿಂದ ಬೆಳ್ಳಿ ಕಪ್ಪಿಡುವ ಕಾರಣ, ಸ್ಲೈಡುಗಳನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಕೆಲವೇ ದಿನಗಳೊಳಗೆ ಬಳಸಬೇಕು.