ಕೊನೆಯ ಬಸ್ಸಿನಿಂದ ಹಿಂದಕ್ಕೆ: ಕಲಬುರಗಿಯಿಂದ ಕಾಜಾಕ್ಕೆ ಪ್ರಯಾಣ ಹೊಂದಿಸಿದ ನನ್ನ ಅನುಭವ

ವಸ್ತಿ ಬಸ್ಸು ಎಂದರೇನೆಂದು ನಮ್ಮ ಭಾಗದವರಿಗೆ ವಿವರಿಸಬೇಕಾಗಿಲ್ಲ. ಸಂಜೆ ಊರು ಸೇರಿ, ರಾತ್ರಿ ಅಲ್ಲಿಯೇ ತಂಗಿ, ನಸುಕಿನಲ್ಲಿ ತಾಲ್ಲೂಕಿನ ಕಡೆಗೆ ಹೊರಡುವ ಬಸ್ಸು ಅದು. ಕಲಬುರಗಿ ಜಿಲ್ಲೆಯ ಸಾರಿಗೆ ಘಟಕಗಳಲ್ಲಿ ಸಂಚಾರ ನಿಯಂತ್ರಕನಾಗಿ ದುಡಿದ ನಾನು, ಚಿಂಚೋಳಿ ತಾಲ್ಲೂಕಿನ ಕೊಂಚಾವರಂ ಅರಣ್ಯದ ಕಡೆಯ ತಾಂಡಾಗಳಿಗೆ ಹೋಗಬೇಕಾದವರು ವಸ್ತಿ ಬಸ್ಸು ತಪ್ಪಿಸಿಕೊಂಡು, ನಿಲ್ದಾಣದ ಕಟ್ಟೆಯ ಮೇಲೆ ಗಂಟನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದನ್ನು ಎಷ್ಟೋ ರಾತ್ರಿ ಕಂಡಿದ್ದೇನೆ. ಆ ಒಂದು ಬಸ್ಸು ಹೋಯಿತೆಂದರೆ ಅವರ ಒಂದು ದಿನವೇ ಹೋಯಿತು. ನಿವೃತ್ತಿಯ ನಂತರ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಕಾಜಾ ಎಂಬ ಊರಿಗೆ ಆರು ಜನರ ಪ್ರಯಾಣವನ್ನು ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ನನಗೆ ಮೊದಲು ನೆನಪಾಗಬೇಕಾಗಿದ್ದುದು ಆ ಕಟ್ಟೆಯೇ. ಆದರೆ ಮೊದಲ ಸಲ ನೆನಪಾಗಲಿಲ್ಲ.

ಮೊದಲ ಸಲ ನಾನು ನಕ್ಷೆ ನೋಡಿ ದಾರಿ ಆರಿಸಿದೆ. ಕಾಜಾಕ್ಕೆ ಹೋಗಲು ಎರಡು ದಾರಿಗಳಿವೆ. ಒಂದು, ಮನಾಲಿಯಿಂದ ಅಟಲ್ ಸುರಂಗದ ಮೂಲಕ ಹೊರಟು ಗ್ರಾಂಫು, ಬಾತಲ್ ದಾಟಿ 4,551 ಮೀಟರ್ ಎತ್ತರದ ಕುಂಜುಂ ಕಣಿವೆದಾರಿಯನ್ನು ಏರಿ ಇಳಿಯುವ, ಸುಮಾರು 200 ಕಿ.ಮೀ. ದಾರಿ. ಇನ್ನೊಂದು, ಶಿಮ್ಲಾದಿಂದ ಸತ್ಲಜ್ ನದಿಯ ಗುಂಟ ಕಿನ್ನೌರ್ ಜಿಲ್ಲೆಯನ್ನು ಹಾಯ್ದು, ರೆಕಾಂಗ್ ಪಿಯೊ, ನಾಕೊ, ತಾಬೊಗಳ ಮೂಲಕ ಹೋಗುವ, ಅದರ ಎರಡರಷ್ಟಕ್ಕೂ ಮಿಕ್ಕಿದ ದಾರಿ. ಹತ್ತಿರದ್ದು ಮನಾಲಿಯದೆಂದು, ಮೊಮ್ಮಕ್ಕಳ ಶಾಲೆಗೂ ರಜೆ ಇದೆಯೆಂದು, ಮೇ ತಿಂಗಳ ಮೊದಲ ವಾರಕ್ಕೆ ಎಲ್ಲವನ್ನೂ ಕಾಯ್ದಿರಿಸಿದೆ. ಮನಾಲಿಗೆ ಹೋಗಿ ವಿಚಾರಿಸಿದರೆ ಕುಂಜುಂ ಮೇಲೆ ಇನ್ನೂ ಹಿಮದ ಗೋಡೆ ನಿಂತಿತ್ತು. ಆ ದಾರಿ ಸಾಮಾನ್ಯವಾಗಿ ಜೂನ್‌ ಹೊತ್ತಿಗೆ ತೆರೆದು ಅಕ್ಟೋಬರ್‌ ಹೊತ್ತಿಗೆ ಮುಚ್ಚುತ್ತದೆ. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ 9 ಕಿ.ಮೀ. ಉದ್ದದ ಅಟಲ್ ಸುರಂಗವು ರೋಹ್ತಾಂಗ್ ಏರನ್ನು ತಪ್ಪಿಸುತ್ತದೆಯೇ ಹೊರತು ಕುಂಜುಮನ್ನು ತಪ್ಪಿಸುವುದಿಲ್ಲ. ಸುರಂಗವಿದೆ ಎಂಬ ಒಂದೇ ಮಾತನ್ನು ನಂಬಿ ಈ ವ್ಯತ್ಯಾಸವನ್ನು ಗಮನಿಸದೆ ಹೋದದ್ದು ನನ್ನ ತಪ್ಪು, ಮತ್ತು ಮನೆಮಂದಿಯ ಮುಖ ನೋಡಿ ಆ ದಿನ ನನಗಾದ ಬೇಸರ ಇಂದಿಗೂ ಹಾಗೆಯೇ ಇದೆ.

ಎರಡನೆಯ ಸಲ ಘಟಕದಲ್ಲಿ ಅನುಸೂಚಿ ಬರೆಯುತ್ತಿದ್ದ ಕ್ರಮಕ್ಕೇ ಮರಳಿದೆ. ಉದ್ದನೆಯ ಲೆಕ್ಕದ ಪುಸ್ತಕದ ಒಂದು ಹಾಳೆಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಕಾಜಾ ಎಂದು ಬರೆದು, ಅಲ್ಲಿಂದ ಮೇಲಕ್ಕೆ ಒಂದೊಂದೇ ಸಾಲು ತುಂಬುತ್ತ ಬಂದೆ. ಪ್ರತಿ ಸಾಲಿಗೂ ಮೂರು ಕಲಂಗಳು: ಏನು ಹತ್ತಬೇಕು, ಎಷ್ಟು ತಾಸು, ತಪ್ಪಿದರೆ ಮುಂದಿನದು ಯಾವಾಗ. ಮೂರನೆಯ ಕಲಮೇ ಇಡೀ ಯೋಜನೆಯ ಜೀವ. ಕಾಲ್ಕಾದಿಂದ ಶಿಮ್ಲಾಕ್ಕೆ ಹೋಗುವ ಪುಟ್ಟ ರೈಲು ತಪ್ಪಿದರೆ ಒಂದೆರಡು ತಾಸಿನೊಳಗೆ ಬಸ್ಸು ಸಿಗುತ್ತದೆ. ಆದ್ದರಿಂದ ಅಲ್ಲಿ ನಾನು ಹೆಚ್ಚುವರಿ ಸಮಯವನ್ನೇ ಇಡಲಿಲ್ಲ. ರೆಕಾಂಗ್ ಪಿಯೊದಿಂದ ಕಾಜಾಕ್ಕೆ ಹೋಗುವ ಹಿಮಾಚಲ ಸಾರಿಗೆಯ ಬಸ್ಸು ಮಾತ್ರ ಬೆಳಗ್ಗೆ ಏಳರ ಸುಮಾರಿಗೆ ಹೊರಡುತ್ತದೆ, ಅದು ತಪ್ಪಿದರೆ ಮರುದಿನ ಬೆಳಗಿನ ಬಸ್ಸೇ ಗತಿ. ಅದು ನಮ್ಮ ವಸ್ತಿ ಬಸ್ಸಿನ ಹಿಮಾಲಯದ ರೂಪ. ಅದರ ಹಿಂದಿನ ರಾತ್ರಿ ಪಿಯೊದಲ್ಲಿ ಇರಲೇಬೇಕು ಎಂಬುದು ಮೊದಲು ನಿಶ್ಚಯವಾಯಿತು. ಉಳಿದದ್ದೆಲ್ಲ ಅದಕ್ಕೆ ತಕ್ಕಂತೆ ಹಿಂದಕ್ಕೆ ಸರಿಯಿತು.

ತಾಸಿನ ಲೆಕ್ಕ ಹಾಕುವಾಗ ನಮ್ಮ ಘಟಕದಲ್ಲಿ ಚಾಲಕರಾಗಿದ್ದ ಒಬ್ಬ ಮಾಜಿ ಸೈನಿಕರನ್ನು ಕೇಳಿದೆ. ಸೈನ್ಯದಲ್ಲಿದ್ದಾಗ ಅವರು ಆ ಬೆಟ್ಟಗಳಲ್ಲಿ ಲಾರಿ ನಡೆಸಿದವರು. "ಅಲ್ಲಿ ಕಿಲೋಮೀಟರ್ ಎಣಿಸಬ್ಯಾಡ್ರಿ ಸಾಹೇಬ್ರ, ತಾಸು ಎಣಿಸ್ರಿ. ತಾಸಿಗೆ ಇಪ್ಪತ್ತಕ್ಕಿಂತ ಹೆಚ್ಚ ಹಿಡಿದ್ರಿ ಅಂದ್ರ ಲೆಕ್ಕ ತಪ್ತದ" ಎಂದರು. ಪಿಯೊದಿಂದ ಕಾಜಾ ಸುಮಾರು 200 ಕಿ.ಮೀ.; ಬಸ್ಸಿಗೆ ಹಿಡಿಯುವುದು ಹತ್ತರಿಂದ ಹನ್ನೆರಡು ತಾಸು. ಕಲಬುರಗಿಯಿಂದ ಸೊಲ್ಲಾಪುರಕ್ಕೆ ಎರಡು ಮೂರು ತಾಸಿನಲ್ಲಿ ಹೋಗಿಬಿಡುವ ನಮ್ಮ ಅಂದಾಜು ಅಲ್ಲಿ ಏನೇನೂ ಕೆಲಸಕ್ಕೆ ಬಾರದು.

ದಾರಿಯ ಆಯ್ಕೆಯಲ್ಲಿ ತಾಸಿಗಿಂತಲೂ ಮುಖ್ಯವಾದದ್ದು ಎತ್ತರ. ಕಲಬುರಗಿ ಸಮುದ್ರಮಟ್ಟದಿಂದ 500 ಮೀಟರಿಗೂ ಕಡಿಮೆ ಎತ್ತರದಲ್ಲಿದೆ, ಕಾಜಾ 3,600 ಮೀಟರ್ ದಾಟಿದ ಊರು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಮೂರನೇ ಎರಡರಷ್ಟು ಮಾತ್ರ. ಮನಾಲಿಯ ಕಡೆಯಿಂದ ಹೋದರೆ 2,000 ಮೀಟರಿನಲ್ಲಿ ಮಲಗಿ ಎದ್ದವರು ಅದೇ ದಿನ 4,551 ಮೀಟರ್ ಏರಬೇಕಾಗುತ್ತದೆ. ತಲೆನೋವು, ವಾಂತಿ, ನಿದ್ರೆ ಬಾರದಿರುವುದು ಇವೆಲ್ಲ ಹಾಗೆ ಅವಸರದಿಂದ ಏರಿದವರನ್ನೇ ಹೆಚ್ಚಾಗಿ ಕಾಡುತ್ತವೆ. ಉಲ್ಬಣಿಸಿದರೆ ಪ್ರಾಣಕ್ಕೇ ಅಪಾಯ. ಕಿನ್ನೌರ್ ದಾರಿ ಉದ್ದವಾದರೂ ಮೆಟ್ಟಿಲಿನಂತೆ ಏರುತ್ತದೆ: ಶಿಮ್ಲಾ ಮತ್ತು ಪಿಯೊ 2,200 ಮೀಟರಿನ ಆಸುಪಾಸು, ಪಿಯೊದ ಮೇಲಿನ ಕಲ್ಪಾ 2,900 ಮೀಟರಿಗೂ ಮೇಲೆ, ಆಮೇಲೆ ನಾಕೊ, ತಾಬೊ, ಕಾಜಾ. ನಮ್ಮ ತಂಡದಲ್ಲಿ ಯಾದಗಿರಿಯ ಅಕ್ಕ ಮತ್ತು ಭಾವ ಇದ್ದರು, ಭಾವನವರಿಗೆ ಅರವತ್ತೆಂಟು ವರ್ಷ. ಹೊರಡುವ ಮೊದಲು ಅವರನ್ನು ವೈದ್ಯರಿಗೆ ತೋರಿಸಿ, ಹೃದಯದ ತಪಾಸಣೆ ಮಾಡಿಸಿ, ಒಪ್ಪಿಗೆ ಪಡೆದ ಮೇಲೆಯೇ ಟಿಕೆಟ್ ತೆಗೆಸಿದೆ. ಹೋಗುವಾಗ ಕಿನ್ನೌರ್, ದೇಹ ಎತ್ತರಕ್ಕೆ ಹೊಂದಿಕೊಂಡ ಮೇಲೆ ಬರುವಾಗ ಕುಂಜುಂ ಎಂದು ತೀರ್ಮಾನಿಸಿದೆ. ಈ ಒಂದು ತೀರ್ಮಾನದ ಬಗ್ಗೆ ನನಗೆ ಈಗಲೂ ಪೂರ್ಣ ಸಮಾಧಾನವಿದೆ.

ತಿಂಗಳು ಸೆಪ್ಟೆಂಬರ್, ಅದೂ ಎರಡನೆಯ ಪಾಲು. ಸ್ಪಿತಿ ಮಳೆನೆರಳಿನ ಶೀತ ಮರುಭೂಮಿಯಾದರೂ ಅಲ್ಲಿಗೆ ಹೋಗುವ ಕೆಳಗಿನ ದಾರಿ ಮುಂಗಾರಿನ ಹೊಡೆತಕ್ಕೆ ಸಿಗುತ್ತದೆ. 2023ರ ಆಗಸ್ಟ್‌ನಲ್ಲಿ ಶಿಮ್ಲಾದ ಬಳಿ ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿ, ಕಾಲ್ಕಾ–ಶಿಮ್ಲಾ ರೈಲು ಹಳಿ ಗಾಳಿಯಲ್ಲಿ ನೇತಾಡಿದ ಚಿತ್ರವನ್ನು ಅನೇಕರು ನೋಡಿರಬಹುದು. ಸೆಪ್ಟೆಂಬರ್ ಕೊನೆಗೆ ಮಳೆ ಹಿಂದೆ ಸರಿಯುತ್ತದೆ, ಕುಂಜುಂ ಇನ್ನೂ ತೆರೆದಿರುತ್ತದೆ. ಆದರೆ ಅದೇ ಹೊತ್ತಿಗೆ ಕಿನ್ನೌರಿನಲ್ಲಿ ಸೇಬಿನ ಸುಗ್ಗಿ. ಪೆಟ್ಟಿಗೆ ತುಂಬಿದ ಲಾರಿಗಳು ಕಡಿದಾದ ತಿರುವುಗಳಲ್ಲಿ ಎದುರಾದಾಗ ಯಾರಾದರೊಬ್ಬರು ಹಿಂದಕ್ಕೆ ಸರಿಯಲೇಬೇಕು. ಶಿಮ್ಲಾದಿಂದ ಪಿಯೊ ತಲುಪಲು ಹತ್ತು ತಾಸು ಎಂದುಕೊಂಡಿದ್ದ ನಾನು ಇದಕ್ಕಾಗಿ ಎರಡು ತಾಸು ಸೇರಿಸಿದೆ, ಅವೆರಡೂ ಖರ್ಚಾದವು.

ಹಾಳೆಯ ಮೇಲಿನ ಸಾಲುಗಳು ಸುಲಭವಾಗಿದ್ದವು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಅಕ್ಕ, ಭಾವ ಯಾದಗಿರಿಯಲ್ಲಿ, ನಾವು ನಾಲ್ವರು ಕಲಬುರಗಿಯಲ್ಲಿ ಹತ್ತುವಂತೆ ಒಂದೇ ಬೋಗಿಯಲ್ಲಿ ಸೀಟು ಹಿಡಿದೆ. 2024ರ ನವೆಂಬರ್‌ನಿಂದ ರೈಲ್ವೆ ಮುಂಗಡ ಕಾಯ್ದಿರಿಸುವಿಕೆ 120 ದಿನಗಳ ಬದಲು 60 ದಿನಗಳಿಗೆ ಇಳಿದಿರುವುದರಿಂದ ಅರವತ್ತನೆಯ ದಿನ ಬೆಳಗ್ಗೆಯೇ ಕುಳಿತು ಆ ಕೆಲಸ ಮುಗಿಸಿದೆ. ದೆಹಲಿಯಿಂದ ರಾತ್ರಿಯ ರೈಲಿನಲ್ಲಿ ಕಾಲ್ಕಾ, ಅಲ್ಲಿಂದ 1903ರಷ್ಟು ಹಳೆಯ, ನೂರಕ್ಕೂ ಹೆಚ್ಚು ಸುರಂಗಗಳ ಪುಟ್ಟ ರೈಲು. ಭಾರತೀಯರಿಗೆ ಈ ದಾರಿಯಲ್ಲಿ ಪರವಾನಗಿ ಬೇಕಿಲ್ಲ. ವಿದೇಶಿ ಪಾಸ್‌ಪೋರ್ಟ್ ಇರುವವರು ಜೊತೆಗಿದ್ದರೆ ಪಿಯೊ ಮತ್ತು ತಾಬೊ ನಡುವಿನ ಗಡಿಭಾಗಕ್ಕೆ ಪರವಾನಗಿ ಪಡೆಯಲು ಕಚೇರಿ ತೆರೆದಿರುವ ದಿನ ನೋಡಿಕೊಂಡು ಪಿಯೊ ಸೇರಬೇಕು.

ಇನ್ನು ಬಿಡುವಿನ ದಿನಗಳ ಮಾತು. ನನಗೆ ಎರಡು ದಿನ ಹೆಚ್ಚುವರಿಯಾಗಿ ಸಿಕ್ಕವು. ಹಲವರು ಇಂಥ ದಿನಗಳನ್ನು ಪ್ರಯಾಣದ ಕೊನೆಗೆ ಇಡುತ್ತಾರೆ. ನಾನು ಒಂದನ್ನು ನಾಕೊದ ಸಾಲಿಗೆ, ಇನ್ನೊಂದನ್ನು ದೆಹಲಿಯಿಂದ ಮರಳುವ ರೈಲಿನ ಹಿಂದಿನ ಸಾಲಿಗೆ ಹಾಕಿದೆ. ನಾಕೊ ಏಕೆಂದರೆ, ಆ ಊರು ದಾಟಿದ ಮೇಲೆ ಸಿಗುವ ಮಲ್ಲಿಂಗ್ ನಾಲಾ ಗುಡ್ಡ ಕುಸಿತಕ್ಕೆ ಹೆಸರಾದ ಜಾಗ. ದಾರಿ ತೆರೆದಿದ್ದರೂ ಅಷ್ಟು ಎತ್ತರದಲ್ಲಿ ಒಂದು ದಿನ ಸುಮ್ಮನೆ ಕುಳಿತುಕೊಳ್ಳುವುದು ವಯಸ್ಸಾದವರಿಗೆ ಒಳ್ಳೆಯದು. ಒಂದೇ ದಿನ ಎರಡು ಕೆಲಸಕ್ಕೆ ಒದಗುತ್ತದೆ.

ಕಲ್ಪಾದಲ್ಲಿ ಒಂದು ರಾತ್ರಿ ತಂಗಿ, ಮರುದಿನ ಪಿಯೊಗೆ ಇಳಿದು ನಿಲ್ದಾಣದ ಹತ್ತಿರವೇ ಮಲಗಿ, ಬೆಳಗ್ಗೆ ಬೇಗನೆ ನಿಲ್ದಾಣಕ್ಕೆ ಹೋದಾಗ ಬಸ್ಸಿನ ನೆತ್ತಿಯ ಮೇಲೆ ಈರುಳ್ಳಿ ಚೀಲ, ಟೊಮೆಟೊ ಪೆಟ್ಟಿಗೆ, ಹಗ್ಗದಿಂದ ಬಿಗಿದ ಒಂದು ಹಾಸಿಗೆ ಏರುತ್ತಿದ್ದವು. ನಿರ್ವಾಹಕರು ಒಂದೊಂದು ಗಂಟನ್ನೂ ಯಾವ ಊರಿನಲ್ಲಿ ಇಳಿಸಬೇಕೆಂದು ಕೇಳಿ ಬರೆದುಕೊಳ್ಳುತ್ತಿದ್ದರು. ಚಾಲಕರು ಸ್ಟೆಪ್ನಿಯನ್ನು ಕಾಲಿನಿಂದ ಒತ್ತಿ ನೋಡಿ, ಆಮೇಲೆ ಬಗ್ಗಿ ಕೈಯಿಂದಲೂ ಒತ್ತಿ ನೋಡಿದರು. ಇಷ್ಟು ವರ್ಷ ಇದೇ ಕೆಲಸ ನೋಡಿದವನಿಗೆ ಆ ಕೈ ನೋಡಿಯೇ ಧೈರ್ಯ ಬಂತು. ಖಾಬ್ ಎಂಬಲ್ಲಿ ಸ್ಪಿತಿ ನದಿ ಬಂದು ಸತ್ಲಜ್ ಸೇರುತ್ತದೆ. ಅಲ್ಲಿಂದ ದಾರಿ ಸುತ್ತಿ ಸುತ್ತಿ ನಾಕೊಗೆ ಏರುತ್ತದೆ. ನಾವು ನಾಕೊದಲ್ಲಿ ಇಳಿದೆವು.

ಮರುದಿನ ಮಧ್ಯಾಹ್ನ ಮಲ್ಲಿಂಗ್ ಬಳಿ ಕಲ್ಲು ಉರುಳಿ ದಾರಿ ಮುಚ್ಚಿತು. ಪಿಯೊದಿಂದ ಬಂದ ಆ ದಿನದ ಬಸ್ಸೂ ನಾಕೊದಲ್ಲಿಯೇ ನಿಂತಿತು. ಒಳಗಿದ್ದವರು ಕೊಠಡಿ ಹುಡುಕುತ್ತ ಓಡಾಡುವಾಗ ನಾವು ಮೊದಲೇ ಹಿಡಿದಿದ್ದ ಕೊಠಡಿಯಲ್ಲಿ ಕುಳಿತು, ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತೆಗೆದು ಇಬ್ಬರು ಪ್ರಯಾಣಿಕರಿಗೂ ಕೊಟ್ಟು ತಿಂದೆವು. ರೊಟ್ಟಿ ಹತ್ತು ದಿನ ಕೆಡುವುದಿಲ್ಲ ಎಂಬ ಕಾರಣಕ್ಕೇ ಅಕ್ಕ ಅರವತ್ತು ರೊಟ್ಟಿ ಬಡಿದು ತಂದಿದ್ದಳು. ಮೂರನೆಯ ದಿನ ಬೆಳಗ್ಗೆ ದಾರಿ ತೆರೆಯಿತು. ಅಲ್ಲಿಯದೇ ಒಂದು ಬಾಡಿಗೆ ಜೀಪಿನಲ್ಲಿ ತಾಬೊಗೆ ಹೋಗಿ, ಒಂದು ಸಾವಿರ ವರ್ಷ ಹಳೆಯದಾದ ಅಲ್ಲಿಯ ಬೌದ್ಧ ವಿಹಾರ ನೋಡಿ, ಮರುದಿನ ಕಾಜಾ ಸೇರಿದೆವು. ಹಾಳೆಯಲ್ಲಿ ಬರೆದ ತಾರೀಖು ಒಂದೂ ಅಳಿಸಬೇಕಾಗಲಿಲ್ಲ.

ಮರಳುವಾಗ ಕಾಜಾದಿಂದ ನಸುಕಿನಲ್ಲಿ ಹೊರಡುವ ಬಸ್ಸನ್ನೇ ಹಿಡಿಯಬೇಕೆಂದು ನಾನು ಪಟ್ಟು ಹಿಡಿದೆ. ಬಿಸಿಲು ಏರಿದಂತೆ ಮೇಲಿನ ಹಿಮ ಕರಗಿ, ಬಾತಲ್‌ನಿಂದ ಗ್ರಾಂಫುವರೆಗಿನ ದಾರಿಗೆ ಅಡ್ಡವಾಗಿ ಹರಿಯುವ ಹಳ್ಳಗಳು ಮಧ್ಯಾಹ್ನದ ಹೊತ್ತಿಗೆ ತುಂಬುತ್ತವೆ. ನಾವು ದಾಟಿದಾಗ ನೀರು ಗಾಲಿಯ ಅರ್ಧಕ್ಕೂ ಬಂದಿರಲಿಲ್ಲ.

ಊರಿಗೆ ಬಂದ ಮೇಲೆ ಯಾದಗಿರಿಯಿಂದ ಭಾವನವರ ಗೆಳೆಯರೊಬ್ಬರು ಅದೇ ಹಾಳೆಯನ್ನು ಕೇಳಿ ಪಡೆದರು. ಏನು ಹತ್ತಬೇಕು, ಎಷ್ಟು ತಾಸು, ತಪ್ಪಿದರೆ ಮುಂದಿನದು ಯಾವಾಗ ಎಂಬ ಕಲಂಗಳನ್ನು ಹಾಗೆಯೇ ನಕಲು ಮಾಡಿ, ಬಸ್ಸು ಹೊರಡುವ ಸಮಯಕ್ಕೆಂದು ಒಂದು ಹೊಸ ಕಲಂ ಎಳೆದು ಅದನ್ನು ಖಾಲಿ ಬಿಟ್ಟು ಕೊಟ್ಟಿದ್ದೇನೆ. ಹೊರಡುವ ಹದಿನೈದು ದಿನ ಮೊದಲು ಪಿಯೊ ಮತ್ತು ಕಾಜಾ ನಿಲ್ದಾಣಗಳಿಗೆ ಫೋನ್ ಮಾಡಿ ಅವರೇ ಅದನ್ನು ಪೆನ್ಸಿಲಿನಿಂದ ತುಂಬಬೇಕು.